ಕಾಫಿಯ ಲೆಕ್ಕವೂ ಶೂನ್ಯಜ್ಞಾನ ಪ್ರಮಾಣವೂ

ಕಾಫಿ ಮಂಡಳಿಯು 2019ರಲ್ಲಿ ಬ್ಲಾಕ್‌ಚೈನ್ ಆಧಾರದ ಮಾರುಕಟ್ಟೆಯೊಂದನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಬ್ಲಾಕ್‌ಚೈನ್ ಎಂಬುದು ಹಲವರ ಬಳಿ ಏಕರೂಪವಾಗಿರುವ, ತಿದ್ದಲು ದುಸ್ಸಾಧ್ಯವಾದ ಖಾತೆ. ಇಂತಹ ಖಾತೆಯು ಸರ್ವರಿಗೂ ತೆರೆದಿದ್ದರೆ ಮೂಡಿಗೆರೆಯ ಸಣ್ಣ ಬೆಳೆಗಾರನ ದಾಸ್ತಾನೂ ಬೆಲೆಯೂ ವರ್ತಕರಿಗೆ ತಿಳಿದು, ಚೌಕಾಸಿಯಲ್ಲಿ ಅವನ ಬಲ ಕುಗ್ಗುವುದು. ಮುಚ್ಚಿಟ್ಟರೆ ನಂಬಿಕೆಗೆ ಆಧಾರವಿಲ್ಲ.

ಈ ಇಕ್ಕಟ್ಟಿಗೆ ಪರಿಹಾರವೇ ಗೋಲ್ಡ್‌ವಾಸರ್, ಮಿಕಾಲಿ, ರ‍್ಯಾಕಾಫ್ ಎಂಬ ವಿದ್ವಾಂಸರು 1985ರಲ್ಲಿ ನಿರೂಪಿಸಿದ ಶೂನ್ಯಜ್ಞಾನ ಪ್ರಮಾಣ. ಅಂಕಿಗಳು ಗೂಢಲಿಪಿಯಲ್ಲಿ ಅಡಗಿರುವುವು. ಕೊಟ್ಟುದೂ ಪಡೆದುದೂ ಸಮವೆಂಬುದಷ್ಟೇ ಸಿದ್ಧವಾಗುವುದು. ಪರೀಕ್ಷಕನು ಮುಂಗಾಣಲಾಗದ ಪ್ರಶ್ನೆಗಳನ್ನು ಕೇಳುತ್ತಾನೆ. ಒಂದು ಪ್ರಶ್ನೆಯಲ್ಲಿ ಸುಳ್ಳುಗಾರನು ಪಾರಾಗುವ ಸಂಭವ ಅರ್ಧವಾದರೆ, 20 ಪ್ರಶ್ನೆಗಳಲ್ಲಿ ಅದು 10,48,576ರಲ್ಲಿ ಒಂದಂಶ ಮಾತ್ರ. ಝೀಕ್ಯಾಶ್ ನಾಣ್ಯವು 2016ರಿಂದ ಈ ತತ್ತ್ವವನ್ನು ಬಳಸುತ್ತಿದೆ.

ಆದರೆ ಮೂಟೆಯ ತೂಕವನ್ನೇ ತಪ್ಪಾಗಿ ಬರೆದರೆ ಯಾವ ಪ್ರಮಾಣವೂ ಅದನ್ನು ತಿದ್ದಲಾರದು. ತಕ್ಕಡಿಯ ಸತ್ಯವೇ ಮೊದಲು.