ಚೆಂಡಿಲ್ಲದ ಕಡೆ ನೋಡಿಸುವವರು

"ಮಾಮ, ನೀವು ಚೆಂಡನ್ನೇ ನೋಡ್ತಾ ಇದೀರಿ. ಸ್ವಲ್ಪ ಹೊತ್ತು ಅದನ್ನ ಮರೆತುಬಿಡಿ."

ಓಹಿಯೊ ರಾಜ್ಯದ ಕೊಲಂಬಸ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ಅವಳ ಮಗ ಹೇಳಿದ ಮಾತಿದು. ಅಂದು ಶನಿವಾರ. ಬೆಳಗಿನಿಂದಲೇ ಊರಿಗೆ ಊರೇ ಕೆಂಪು ಬಟ್ಟೆ ತೊಟ್ಟು ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಕ್ರೀಡಾಂಗಣದತ್ತ ಹೊರಟಿತ್ತು. ನಾವು ಟಿವಿ ಮುಂದೆ ಕೂತಿದ್ದೆವು. ಹೆಲ್ಮೆಟ್ ಧರಿಸಿದ ಇಪ್ಪತ್ತೆರಡು ಹುಡುಗರು ಎದುರುಬದುರು ಬಗ್ಗಿ ನಿಂತರು, ಒಮ್ಮೆಲೇ ಒಬ್ಬರ ಮೇಲೊಬ್ಬರು ನುಗ್ಗಿದರು, ಐದಾರು ಸೆಕೆಂಡಿನಲ್ಲಿ ಎಲ್ಲ ಮುಗಿಯಿತು. ಆಮೇಲೆ ಅರ್ಧ ನಿಮಿಷ ಏನೂ ಇಲ್ಲ. ಮತ್ತೆ ನುಗ್ಗಾಟ.

ಮರುದಿನ ಅವನು ಅದೇ ಆಟವನ್ನು ಬಿಡಿಸಿ ತೋರಿಸುವ ಕಾರ್ಯಕ್ರಮ ಹಾಕಿದ. ಹಳೆಯ ಕೋಚ್ ಒಬ್ಬರು ರಿಮೋಟ್ ಹಿಡಿದು ಕೂತಿದ್ದರು. ಹಿಂದಿನ ದಿನ ನನ್ನ ಕಣ್ಣೆದುರು ಹಾದುಹೋಗಿದ್ದ ಐದು ಸೆಕೆಂಡುಗಳನ್ನು ನಿಲ್ಲಿಸಿದರು, ಹಿಂದಕ್ಕೆ ತಂದರು, ಪರದೆಯ ಮೇಲೆ ಗೀಟು ಎಳೆದರು, ಮತ್ತೆ ಬಿಟ್ಟರು. ಅಷ್ಟಕ್ಕೇ ಹತ್ತು ನಿಮಿಷ ಹಿಡಿಯಿತು. ಗಮಕ ಕೇಳಿದವರಿಗೆ ಈ ಸುಖ ಗೊತ್ತು. ಗಮಕಿ ಹಾಡುವ ಕುಮಾರವ್ಯಾಸನ ಒಂದು ಷಟ್ಪದಿ ನಿಮಿಷದೊಳಗೆ ಮುಗಿಯುತ್ತದೆ. ವ್ಯಾಖ್ಯಾನಕಾರರು ಅದರೊಳಗೆ ಇಳಿದರೆ ಮೇಲೆ ಬರಲು ಹೊತ್ತು ಬೇಕು. ಆಮೇಲೆ ಅದೇ ಪದ್ಯ ಮತ್ತೆ ಕಿವಿಗೆ ಬಿದ್ದಾಗ ಹೊಸದಾಗಿ ಕೇಳಿಸುತ್ತದೆ. ಅಮೆರಿಕದ ಕಾಲೇಜು ಫುಟ್‌ಬಾಲ್ ನನಗೆ ಆಟವಾಗಿ ಕಂಡಿದ್ದು ಆ ಹತ್ತು ನಿಮಿಷದ ನಂತರವೇ.

ಇದು ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ತಂಡಕ್ಕೆ ಹನ್ನೊಂದು ಜನ, ನೂರು ಗಜದ ಅಂಗಳ. ಹತ್ತು ಗಜ ಮುಂದೆ ಹೋಗಲು ನಾಲ್ಕು ಸಲ ಯತ್ನಿಸಬಹುದು. ಗೆದ್ದರೆ ಮತ್ತೆ ನಾಲ್ಕು ಅವಕಾಶ, ಸೋತರೆ ಚೆಂಡು ಎದುರಾಳಿಗೆ. ಮುಖ್ಯ ಸಂಗತಿ ಏನೆಂದರೆ, ಪ್ರತಿ ಯತ್ನದ ನಡುವೆ ಆಟ ನಿಲ್ಲುತ್ತದೆ. 40 ಸೆಕೆಂಡಿನ ಗಡಿಯಾರ ಓಡುತ್ತದೆ. ಆ ಅವಧಿಯಲ್ಲಿ ಕೋಚ್ ತನ್ನ ಪುಸ್ತಕದಿಂದ ಒಂದು ತಂತ್ರ ಆರಿಸುತ್ತಾನೆ, ಎದುರಿನ ಕೋಚ್ ಅದನ್ನು ಊಹಿಸಿ ತನ್ನವರನ್ನು ನಿಲ್ಲಿಸುತ್ತಾನೆ. ಹನ್ನೊಂದು ಜನಕ್ಕೂ ಯಾವ ಕಡೆ ಎಷ್ಟು ಹೆಜ್ಜೆ ಎನ್ನುವುದು ಮೊದಲೇ ನಿಗದಿಯಾಗಿರುತ್ತದೆ. ಹೀಗೆ ಮೊದಲೇ ಬರೆದಿಟ್ಟ ಆಟವಾದ್ದರಿಂದಲೇ ಇದನ್ನು ಆಮೇಲೆ ಕೂತು ಓದಲು ಬರುತ್ತದೆ.

ಓದಲು ಇರುವ ದೊಡ್ಡ ಅಡ್ಡಿ ಟಿವಿಯೇ. ನೇರಪ್ರಸಾರದ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಹಿಂದೆ ದೂರದಲ್ಲಿ ನಿಂತು ಕಾವಲು ಕಾಯುವ ಸೇಫ್ಟಿಗಳು, ಎಸೆತ ಹಿಡಿಯಲು ಅಂಚಿನಲ್ಲಿ ಓಡುವ ರಿಸೀವರ್‌ಗಳು ಎಷ್ಟೋ ಸಲ ಚೌಕಟ್ಟಿನೊಳಗೇ ಇರುವುದಿಲ್ಲ. ಕೋಚ್‌ಗಳು ನೋಡುವುದು ಬೇರೆಯೇ ಚಿತ್ರ. ಎತ್ತರದಿಂದ ಇಪ್ಪತ್ತೆರಡೂ ಜನ ಒಟ್ಟಿಗೆ ಕಾಣುವಂತೆ ತೆಗೆದ ಆ ಚಿತ್ರಕ್ಕೆ ಅವರು 'ಆಲ್-ಟ್ವೆಂಟಿಟೂ' ಎನ್ನುತ್ತಾರೆ. ತಂಡಗಳು ಅದನ್ನು ಕತ್ತಲೆ ಕೋಣೆಯಲ್ಲಿ ಹಾಕಿಕೊಂಡು ತಪ್ಪು ತಿದ್ದುತ್ತವೆ. ಆ ಕೋಣೆಯೇ 'ಫಿಲ್ಮ್ ರೂಮ್'. ಹಿಂದೆ ಅಲ್ಲಿ 16 ಮಿಲಿಮೀಟರ್ ಫಿಲ್ಮ್ ಸುತ್ತುತ್ತಿತ್ತು. ಈಗ ಫಿಲ್ಮ್ ಇಲ್ಲ, ಹೆಸರು ಮಾತ್ರ ಹಾಗೇ ಇದೆ.

ಒಂದು ನಡೆಯನ್ನು ಹತ್ತಿರದಿಂದ ನೋಡೋಣ. 2018ರ ಜನವರಿ 8, ಅಟ್ಲಾಂಟಾ ನಗರ. ರಾಷ್ಟ್ರೀಯ ಪ್ರಶಸ್ತಿಯ ಫೈನಲ್‌ನಲ್ಲಿ ಅಲಬಾಮ ಮತ್ತು ಜಾರ್ಜಿಯ. ಅರ್ಧ ಆಟ ಮುಗಿದಾಗ ಅಲಬಾಮ 0-13ರ ಹಿನ್ನಡೆಯಲ್ಲಿತ್ತು. ಕೋಚ್ ನಿಕ್ ಸೇಬನ್ ಚೆಂಡೆಸೆದು ಆಟ ನಡೆಸುವ ತಮ್ಮ ಮುಖ್ಯ ಕ್ವಾರ್ಟರ್‌ಬ್ಯಾಕ್‌ನನ್ನು ಕೂರಿಸಿ, ಹವಾಯಿಯಿಂದ ಬಂದ 19ರ ಹುಡುಗ ಟುವಾ ಟಾಗೊವೈಲೋವನನ್ನು ಇಳಿಸಿದರು. ಆಟ 20-20ರಲ್ಲಿ ಸಮವಾಯಿತು. ಹೆಚ್ಚುವರಿ ಅವಧಿಯಲ್ಲಿ ಜಾರ್ಜಿಯ ಮೂರು ಅಂಕ ಗಳಿಸಿತು. ಅಲಬಾಮದ ಸರದಿ ಬಂದಾಗ ಮೊದಲ ಯತ್ನದಲ್ಲೇ ಟುವಾ ಸಿಕ್ಕಿಬಿದ್ದು 16 ಗಜ ಹಿಂದೆ ಬಂದ. ಈಗ ಎರಡನೆಯ ಯತ್ನ, ಬೇಕಾದದ್ದು 26 ಗಜ. ಮುಂದಿನ 41 ಗಜದ ಎಸೆತ ಅದೇ ತಂಡದ ಡೆವಾಂಟಾ ಸ್ಮಿತ್‌ನ ಕೈಗೆ ಬಿತ್ತು. ಚೆಂಡು ಕೊನೆಯ ಗೆರೆ ದಾಟಿತು: ಆರು ಅಂಕದ ಟಚ್‌ಡೌನ್. 26-23. ಆಟ ಮುಗಿಯಿತು.

ನೇರಪ್ರಸಾರದಲ್ಲಿ ಇದೊಂದು ಅದೃಷ್ಟದ ಎಸೆತದಂತೆ ಕಾಣುತ್ತದೆ. ಬಿಡಿಸಿ ನೋಡಿ. ಅಲಬಾಮದ ನಾಲ್ವರು ಹುಡುಗರು ಎಲ್ಲೂ ತಿರುಗದೆ ನೆಟ್ಟಗೆ ಮುಂದಕ್ಕೆ ಓಡುತ್ತಾರೆ. ಜಾರ್ಜಿಯದ ಇಬ್ಬರು ಸೇಫ್ಟಿಗಳು ಅಂಗಳವನ್ನು ಅರ್ಧರ್ಧ ಹಂಚಿಕೊಂಡು ಆಳದಲ್ಲಿ ನಿಂತಿದ್ದಾರೆ. ನಾಲ್ವರಿಗೆ ಇಬ್ಬರು. ಸ್ಮಿತ್ ಎಡ ಅಂಚಿನಲ್ಲಿದ್ದಾನೆ. ಆ ಕಡೆಯ ಸೇಫ್ಟಿ ಒಂದೆರಡು ಹೆಜ್ಜೆ ಮೊದಲೇ ಹೊರಟರೆ ಸ್ಮಿತ್‌ಗೆ ಚೆಂಡು ಸಿಗುವುದಿಲ್ಲ. ಇಲ್ಲಿ ಚಿತ್ರ ನಿಲ್ಲಿಸಿ ಟುವಾನ ತಲೆ ನೋಡಬೇಕು. ಅವನ ಹೆಲ್ಮೆಟ್ ಇನ್ನೊಂದು ಕಡೆ ತಿರುಗಿದೆ. ಸೇಫ್ಟಿ ಆ ನೋಟವನ್ನು ನಂಬಿ ನಿಂತಲ್ಲೇ ನಿಲ್ಲುತ್ತಾನೆ. ಆಮೇಲೆ ಟುವಾ ಎಡಕ್ಕೆ ತಿರುಗಿ ಎಸೆಯುತ್ತಾನೆ. ಸೇಫ್ಟಿ ಹೊರಟಾಗ ತಡವಾಗಿತ್ತು. ಲಕ್ಷಾಂತರ ಜನ ಕಣ್ಣರಳಿಸಿ ನೋಡಿದ ಆ ಚೆಂಡು ಹಾರುವ ಮೊದಲೇ ನಿರ್ಣಯ ಆಗಿಹೋಗಿತ್ತು, ಅದೂ ಚೆಂಡಿಲ್ಲದ ಒಬ್ಬನ ಎರಡು ಹೆಜ್ಜೆಯಲ್ಲಿ. ಸಿಕ್ಕಿಬಿದ್ದು 16 ಗಜ ಕಳೆದುಕೊಂಡ ಮರುಕ್ಷಣ ಆ ವಯಸ್ಸಿನ ಹುಡುಗನೊಬ್ಬ ಕಣ್ಣಿನಿಂದ ಎದುರಾಳಿಯನ್ನು ಕಟ್ಟಿಹಾಕಿದನಲ್ಲ, ಅದು ಕಂಡಾಗ ನನಗೆ ಮೈ ಜುಮ್ಮೆಂದಿತು.

ಇಂಥ ವ್ಯಾಖ್ಯಾನದ ಪರಂಪರೆ ಹಳೆಯದು. ಕಾಲೇಜು ಫುಟ್‌ಬಾಲ್ ಟಿವಿಯಲ್ಲಿ ಮೊದಲು ಕಂಡಿದ್ದು 1939ರ ಸೆಪ್ಟೆಂಬರ್ 30ರಂದು, ನ್ಯೂಯಾರ್ಕ್‌ನಲ್ಲಿ ಫೋರ್ಡಮ್ ಮತ್ತು ವೇನ್ಸ್‌ಬರ್ಗ್ ಕಾಲೇಜುಗಳು ಆಡಿದಾಗ. ಆದರೆ ಟಿವಿ ಮನೆಮನೆಗೆ ಬಂದ 1950ರ ದಶಕದಲ್ಲಿ ಕಾಲೇಜುಗಳ ಒಕ್ಕೂಟ ಎನ್‌ಸಿಎಎ ಹೆದರಿತು. ಮನೆಯಲ್ಲೇ ಆಟ ಕಂಡರೆ ಟಿಕೆಟ್ ಕೊಳ್ಳುವವರು ಯಾರು? ವಾರಕ್ಕೆ ಬೆರಳೆಣಿಕೆಯ ಆಟಗಳಿಗಷ್ಟೇ ಪ್ರಸಾರದ ಅನುಮತಿ ಸಿಕ್ಕಿತು. ಹೀಗಾಗಿ ತಮ್ಮ ತಂಡದ ಆಟ ಕಾಣಲು ಜನಕ್ಕೆ ಉಳಿದ ದಾರಿಯೆಂದರೆ ಭಾನುವಾರದ ಕೋಚ್ ಕಾರ್ಯಕ್ರಮ. ಓಕ್ಲಹೋಮಾದ ಬಡ್ ವಿಲ್ಕಿನ್‌ಸನ್ ಟಿವಿಯಲ್ಲಿ ಹೀಗೆ ಮಾತಾಡಲು ಕೂತ ಮೊದಲಿಗರಲ್ಲಿ ಒಬ್ಬರು.

ಈ ಪ್ರಕಾರಕ್ಕೆ ಮುಖ ಕೊಟ್ಟವರು ಅಲಬಾಮದ ಪಾಲ್ 'ಬೇರ್' ಬ್ರ್ಯಾಂಟ್. 1958ರಿಂದ 1982ರವರೆಗೆ ಅಲ್ಲಿ ಕೋಚ್ ಆಗಿ ಆರು ರಾಷ್ಟ್ರೀಯ ಪ್ರಶಸ್ತಿ ತಂದವರು. ಭಾನುವಾರ ಅವರ ಮೇಜಿನ ಮೇಲೆ ಪ್ರಾಯೋಜಕರ ಆಲೂಗಡ್ಡೆ ಚಿಪ್ಸ್ ಪೊಟ್ಟಣ, ಕೋಕಾಕೋಲಾ ಬಾಟಲಿ. ಹಿಂದಿನ ದಿನದ ಫಿಲ್ಮ್ ಓಡುತ್ತಿದ್ದಂತೆ ಆಳದ ಗೊಗ್ಗರು ದನಿಯಲ್ಲಿ ಮಾತು. ಚೆಂಡು ಹಿಡಿದವನಿಗಿಂತ ದಾರಿ ಬಿಡಿಸಿಕೊಟ್ಟವನ ಹೆಸರು ಹೇಳುವುದು, ಅವನ ಊರು, ಅವನ ತಂದೆತಾಯಿಯನ್ನು ನೆನೆಯುವುದು ಅವರ ರೀತಿ. ದೂರದ ಹಳ್ಳಿಯ ಅಪ್ಪ ಅಮ್ಮ ತಮ್ಮ ಮಗ ಮಾಡಿದ ಕಾಣದ ಕೆಲಸವನ್ನು ಹೀಗೆ ಟಿವಿಯಲ್ಲಿ ಕೇಳಿದರು. ಇಂದಿನ ಯಾವ ಸ್ಟುಡಿಯೋಗೂ ಆ ಆಪ್ತತೆ ಬಂದಿಲ್ಲ ಎಂದೇ ನನ್ನ ಎಣಿಕೆ.

ಉಪಕರಣಗಳು ಒಂದೊಂದಾಗಿ ಬಂದವು. 1963ರ ಡಿಸೆಂಬರ್ 7ರಂದು ಆರ್ಮಿ-ನೇವಿ ಆಟದಲ್ಲಿ ಸಿಬಿಎಸ್ ವಾಹಿನಿಯ ನಿರ್ದೇಶಕ ಟೋನಿ ವರ್ನಾ ಆರ್ಮಿಯ ಒಂದು ಟಚ್‌ಡೌನನ್ನು ಆಗಲೇ ಮತ್ತೊಮ್ಮೆ ತೋರಿಸಿದರು. ಆರ್ಮಿ ಇನ್ನೊಂದು ಸಲ ಅಂಕ ಗಳಿಸಿಲ್ಲ, ಇದು ಮೊದಲು ಆದದ್ದೇ ಎಂದು ವೀಕ್ಷಕ ವಿವರಣೆಗಾರರು ಜನಕ್ಕೆ ತಿಳಿಹೇಳಬೇಕಾಯಿತು. ರೀಪ್ಲೇ ಎಂಬುದು ಯಾರಿಗೂ ಗೊತ್ತಿರದ ದಿನ ಅದು. ಪರದೆಯ ಮೇಲೆ ಬರೆಯುವ ಟೆಲಿಸ್ಟ್ರೇಟರ್ ಭೌತವಿಜ್ಞಾನಿ ಲಿಯೊನಾರ್ಡ್ ರೈಫೆಲ್ ಅವರ ಕೈಯ ಕೆಲಸ. ಅದನ್ನು ಮನೆಮಾತಾಗಿಸಿದ್ದು ಮಾಜಿ ಕೋಚ್ ಜಾನ್ ಮ್ಯಾಡನ್, ವೃತ್ತಿಪರ ಫುಟ್‌ಬಾಲ್‌ನ 1982ರ ಸೂಪರ್ ಬೌಲ್‌ನಲ್ಲಿ.

ಬಾಗಿಲು ಪೂರ್ತಿ ತೆರೆದಿದ್ದು ನ್ಯಾಯಾಲಯ. ಓಕ್ಲಹೋಮಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಹೂಡಿದ್ದ ಮೊಕದ್ದಮೆಯಲ್ಲಿ 1984ರಲ್ಲಿ ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ ಎನ್‌ಸಿಎಎಯ ಪ್ರಸಾರ ಹಿಡಿತವನ್ನು ಮುರಿಯಿತು. ಶನಿವಾರವಿಡೀ ಆಟಗಳು ತುಂಬಿಕೊಂಡವು. ಆಟ ಹೆಚ್ಚಿದಂತೆ ಅರ್ಥ ಹೇಳುವವರೂ ಬೇಕಾದರು.

1987ರಲ್ಲಿ ಕ್ರೀಡಾ ವಾಹಿನಿ ಇಎಸ್‌ಪಿಎನ್ ಆರಂಭಿಸಿದ 'ಕಾಲೇಜ್ ಗೇಮ್‌ಡೇ' ಇಂಥ ಕಾರ್ಯಕ್ರಮಗಳಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. 1993ರ ನವೆಂಬರ್‌ನಲ್ಲಿ ನೋಟರ್ ಡೇಮ್ ಮತ್ತು ಫ್ಲಾರಿಡ ಸ್ಟೇಟ್ ಆಟಕ್ಕಾಗಿ ಅದು ಸ್ಟುಡಿಯೋ ಬಿಟ್ಟು ಕಾಲೇಜಿನ ಆವರಣಕ್ಕೇ ಹೋಯಿತು. ಅಂದಿನಿಂದ ಅದೊಂದು ಜಾತ್ರೆ. ಬೆಳಕು ಹರಿಯುವ ಮೊದಲೇ ವಿದ್ಯಾರ್ಥಿಗಳು ಕೈಬರಹದ ಫಲಕ ಹಿಡಿದು ವೇದಿಕೆ ಹಿಂದೆ ನೆರೆಯುತ್ತಾರೆ. ಈ ಜಾತ್ರೆಯ ಹಿರಿಯ ಲೀ ಕೋರ್ಸೋ, ಇಂಡಿಯಾನ ಮುಂತಾದ ಕಡೆ ಕೋಚ್ ಆಗಿದ್ದವರು. ಕೈಯಲ್ಲಿ ಯಾವಾಗಲೂ ಒಂದು ಪೆನ್ಸಿಲ್. ಯಾರಾದರೂ ಆತುರದ ತೀರ್ಮಾನ ಹೇಳಿದರೆ, ಅಷ್ಟು ಅವಸರ ಬೇಡ ಗೆಳೆಯಾ ಎಂದು ತಡೆಯುತ್ತಿದ್ದರು. 1996ರಲ್ಲಿ ಇದೇ ಕೊಲಂಬಸ್‌ನಲ್ಲಿ ಅವರು ಗೆಲ್ಲುವ ತಂಡದ ಲಾಂಛನ ಬೊಂಬೆಯ ತಲೆ ಧರಿಸಿ ಭವಿಷ್ಯ ಹೇಳಿದರು. ಅದೇ ವಾಡಿಕೆಯಾಯಿತು. 2009ರಲ್ಲಿ ಪಾರ್ಶ್ವವಾಯು ಬಡಿದು ಮಾತು ತಡವರಿಸಿದರೂ ಮರಳಿ ಬಂದರು. 2025ರ ಆಗಸ್ಟ್ 30ರಂದು, 90ರ ವಯಸ್ಸಿನಲ್ಲಿ, ಅದೇ ಕೊಲಂಬಸ್‌ನಲ್ಲಿ ಅದೇ ತಲೆ ಧರಿಸಿ ವಿದಾಯ ಹೇಳಿದರು. ಅಟ್ಲಾಂಟಾದ ರಾತ್ರಿ ಟುವಾನನ್ನು ಅಂಗಳಕ್ಕಿಳಿಸಿದ ಸೇಬನ್, ನಿವೃತ್ತರಾಗಿ 2024ರಲ್ಲಿ ಈ ವೇದಿಕೆಗೆ ಬಂದರು.

ಜಾತ್ರೆಯ ಬಗ್ಗೆ ನನಗೆ ಪ್ರೀತಿಯಿದೆ. ಕಲಿಯಬೇಕೆಂದರೆ ಮಾತ್ರ ಪಾಠಶಾಲೆಗೆ ಹೋಗಬೇಕು. ಆ ಪಾಠಶಾಲೆ ದೊಡ್ಡದಾಗಿ ತೆರೆದಿದ್ದು 2014ರ ಜನವರಿ 6ರಂದು. ಪಸಡೀನಾದಲ್ಲಿ ಫ್ಲಾರಿಡ ಸ್ಟೇಟ್ ಮತ್ತು ಆಬರ್ನ್ ನಡುವಿನ ಫೈನಲ್ ಅನ್ನು ಇಎಸ್‌ಪಿಎನ್ ತನ್ನ ಹಲವು ವಾಹಿನಿಗಳಲ್ಲಿ ಹಲವು ಬಗೆಯಾಗಿ ತೋರಿಸಿತು. ಒಂದರಲ್ಲಿ ಕೆವಿನ್ ಸಮ್ಲಿನ್, ಪಾಲ್ ಕ್ರಿಸ್ಟ್, ಸ್ಟೀವ್ ಅಡಾಜಿಯೊ ಎಂಬ ಮೂವರು ಕೋಚ್‌ಗಳು ಎತ್ತರದ ಕ್ಯಾಮೆರಾದ ಚಿತ್ರ ನೋಡುತ್ತಾ ತಮ್ಮತಮ್ಮೊಳಗೆ ಮಾತಾಡಿಕೊಂಡರು. ಆ ಋತುವಿನಲ್ಲಿ ಈ ಎರಡು ತಂಡಗಳಲ್ಲಿ ಒಂದನ್ನಾದರೂ ಎದುರಿಸಿ ಸೋತವರು ಅವರು. ಎಲ್ಲಿ ಪೆಟ್ಟು ಬಿದ್ದಿತೆಂದು ಬಲ್ಲವರ ಮಾತಿಗೆ ತೂಕ ಬೇರೆ. ಕೂಗಾಟ ಇಲ್ಲ, ಹೊಗಳಿಕೆ ಇಲ್ಲ, ಕಸುಬಿನವರ ಮಾತು. 18 ಅಂಕ ಹಿಂದಿದ್ದ ಫ್ಲಾರಿಡ ಸ್ಟೇಟ್ ಕೊನೆಯ 13 ಸೆಕೆಂಡು ಉಳಿದಿದ್ದಾಗ ಮುನ್ನಡೆ ಪಡೆದು 34-31ರಿಂದ ಗೆದ್ದಿತು. ಹೇಗೆ ಗೆದ್ದಿತೆಂದು ತಿಳಿಯಲು ಆ ರಾತ್ರಿ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

ಆತಂಕವೂ ಇದೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಕ್ರೀಡಾ ಬಾಜಿಗೆ ಒಂದೊಂದೇ ರಾಜ್ಯ ಅನುಮತಿ ಕೊಡುತ್ತಾ ಬಂತು. ಸ್ಟುಡಿಯೋಗಳಲ್ಲಿ ಯಾರು ಎಷ್ಟು ಅಂಕದಿಂದ ಗೆಲ್ಲುತ್ತಾರೆ ಎಂಬ ಲೆಕ್ಕ ಹೆಚ್ಚಿದೆ. ಭವಿಷ್ಯ ಹೇಳಲು ಒಂದು ವಾಕ್ಯ ಸಾಕು. ಒಂದು ನಡೆಯನ್ನು ಬಿಡಿಸಲು ಹತ್ತು ನಿಮಿಷ, ಒಬ್ಬ ಬಲ್ಲವರು, ತಾಳ್ಮೆಯ ಸಂಪಾದಕ ಬೇಕು. ವಾಹಿನಿಗಳು ಆ ಹತ್ತು ನಿಮಿಷವನ್ನು ಬಿಟ್ಟುಕೊಡಬಾರದು.

ಓದುಗರಲ್ಲಿ ಅನೇಕರ ಮಕ್ಕಳು, ಮೊಮ್ಮಕ್ಕಳು ಆ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದಾರೆ. ಆಗಸ್ಟ್ ಕೊನೆಯಿಂದ ಜನವರಿವರೆಗೆ ಆಟದ ಕಾಲ. ಅವರ ಮನೆಗೆ ಹೋದಾಗ ಟಿವಿ ಮುಂದೆ ಕೂತರೆ ಒಂದು ಕೆಲಸ ಮಾಡಿ. ಆಟ ಶುರುವಾಗುವ ಕ್ಷಣ ಚೆಂಡು ನೋಡದೆ, ಹಿಂದೆ ಎಷ್ಟು ಸೇಫ್ಟಿಗಳು ನಿಂತಿದ್ದಾರೆಂದು ಎಣಿಸಿ. ನಡುವೆ ಒಬ್ಬನೇ ಇದ್ದಾನೋ, ಇಬ್ಬರು ಹಂಚಿಕೊಂಡು ನಿಂತಿದ್ದಾರೋ? ಕ್ವಾರ್ಟರ್‌ಬ್ಯಾಕ್ ಮೊದಲು ಎಣಿಸುವುದೂ ಅದನ್ನೇ.