ಹನ್ನೆರಡು ದಿನಕ್ಕೆ 364 ಉಡುಗೊರೆ

ಕಾನ್ವೆಂಟ್ ಶಾಲೆಯಲ್ಲಿ ಓದಿದವರ ಕಿವಿಗೆ ಬಿದ್ದೇ ಇರುವ ಕ್ರಿಸ್‌ಮಸ್ ಹಾಡೊಂದಿದೆ: ‘ದ ಟ್ವೆಲ್ವ್ ಡೇಸ್ ಆಫ್ ಕ್ರಿಸ್‌ಮಸ್’. 1780ರ ಸುಮಾರಿಗೆ ಲಂಡನ್ನಿನ ಮಕ್ಕಳ ಪುಸ್ತಕವೊಂದರಲ್ಲಿ ಅಚ್ಚಾದದ್ದು. ಪ್ರೇಮಿಯೊಬ್ಬರು ಹನ್ನೆರಡು ದಿನ ಬಿಡದೆ ಉಡುಗೊರೆ ಕಳಿಸುತ್ತಾರೆ. ಮೊದಲ ದಿನ ಒಂದು ಕೌಜುಗ, ಎರಡನೆಯ ದಿನ ಎರಡು ಬೆಳವಕ್ಕಿ, ಮೂರನೆಯ ದಿನ ಮೂರು ಕೋಳಿ, ಹೀಗೆ. ಒಂದರಿಂದ ಹನ್ನೆರಡರವರೆಗೆ ಕೂಡಿದರೆ 78 ಎಂದು ಯಾರಾದರೂ ಹೇಳಿಬಿಡಬಹುದು. ಹಾಡಿನ ಪೇಚು ಇರುವುದೇ ಇಲ್ಲಿ. ಪ್ರತಿ ದಿನ ಹೊಸ ಉಡುಗೊರೆಯ ಜತೆ ಹಿಂದಿನ ದಿನಗಳದ್ದೂ ಮತ್ತೊಮ್ಮೆ ಬರುತ್ತದೆ. ಮೊದಲ ದಿನ 1, ಎರಡನೆಯ ದಿನ 3, ಮೂರನೆಯ ದಿನ 6; ಹನ್ನೆರಡನೆಯ ದಿನ ಒಂದಕ್ಕೇ 78. ಎಲ್ಲ ಸೇರಿ 364. ವರ್ಷಕ್ಕೆ ಒಂದೇ ಒಂದು ದಿನ ಕಡಿಮೆ.

ಈ 364ರಲ್ಲಿ 184 ಹಕ್ಕಿಗಳು. ಬಾತು 42, ಹಂಸ 42. ಚಿನ್ನದ ಉಂಗುರ 40. ಉಳಿದ 140 ಮನುಷ್ಯರು: ಹಾಲು ಕರೆಯುವ ಹೆಂಗಸರು, ಕುಣಿಯುವ ಮಹಿಳೆಯರು, ಜಿಗಿಯುವ ಶ್ರೀಮಂತರು, ಕೊಳಲಿನವರು, ಡೋಲಿನವರು. ಹಾಲು ಕರೆಯುವವರೇ 40 ಜನ. ಅವರು ಯಾವ ಹಸುವನ್ನು ಕರೆಯುತ್ತಾರೆ, ಹುಲ್ಲು ಯಾರು ಹಾಕುತ್ತಾರೆ ಎಂಬುದರ ಬಗ್ಗೆ ಹಾಡು ಚಕಾರ ಎತ್ತುವುದಿಲ್ಲ.

ಅಮೆರಿಕದ ಪಿಎನ್‌ಸಿ ಬ್ಯಾಂಕು ಇದರ ಬೆಲೆಪಟ್ಟಿಯನ್ನು 1984ರಿಂದ ಪ್ರತಿ ವರ್ಷ ಪ್ರಕಟಿಸುತ್ತಿದೆ. ತಮಾಷೆಯ ಲೆಕ್ಕವೇ, ಆದರೆ ಶ್ರದ್ಧೆಯಿಂದ ಮಾಡುತ್ತಾರೆ. 364 ಉಡುಗೊರೆಗಳ ಒಟ್ಟು ವೆಚ್ಚ ಈಚೆಗೆ 2 ಲಕ್ಷ ಡಾಲರ್ ದಾಟಿದೆ. ಆ ಪಟ್ಟಿಯಲ್ಲಿ ನನ್ನ ಕಣ್ಣು ನಿಂತದ್ದು ಎರಡು ಸಾಲುಗಳಲ್ಲಿ. ಏಳು ಹಂಸಗಳ ಬೆಲೆ 13 ಸಾವಿರ ಡಾಲರಿಗೂ ಹೆಚ್ಚು. ಹಾಲು ಕರೆಯುವ ಎಂಟು ಹೆಂಗಸರಿಗೆ ಒಂದು ಗಂಟೆಯ ಕೂಲಿ 58 ಡಾಲರ್. ಅಲ್ಲಿನ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, ಅದನ್ನು ಎಂಟರಿಂದ ಗುಣಿಸಿ ಇಟ್ಟಿದ್ದಾರೆ. ಆ ದರ ನಿಗದಿಯಾದದ್ದು 2009ರಲ್ಲಿ. ಪಟ್ಟಿಯಲ್ಲಿ ಒಂದು ಹಂಸದ ಬೆಲೆಗೆ ಒಬ್ಬ ಹೆಂಗಸು 250 ಗಂಟೆಗೂ ಹೆಚ್ಚು ಹಾಲು ಕರೆಯಬೇಕು. ಬ್ಯಾಂಕಿನವರು ನಗಿಸಲು ಹೊರಟು ಇದನ್ನೂ ಹೇಳಿಬಿಟ್ಟಿದ್ದಾರೆ.

ಅನಾದಿ ಕಾಲದಿಂದ ಬಂದಂತೆ ಕಾಣುವ ಎಷ್ಟೋ ಕ್ರಿಸ್‌ಮಸ್ ಪದ್ಧತಿಗಳಿಗೆ ಇನ್ನೂರು ವರ್ಷವೂ ತುಂಬಿಲ್ಲ. ಶುಭಾಶಯದ ಕಾರ್ಡನ್ನೇ ತೆಗೆದುಕೊಳ್ಳಿ. ಅದರ ಹಿಂದಿರುವುದು ಒಬ್ಬ ಮನುಷ್ಯನ ಬಿಡುವಿಲ್ಲದ ಬದುಕು. ಹೆನ್ರಿ ಕೋಲ್ ಲಂಡನ್ನಿನ ಸರ್ಕಾರಿ ಅಧಿಕಾರಿ. ದೇಶದ ಯಾವ ಮೂಲೆಗಾದರೂ ಒಂದೇ ಪೆನ್ನಿಗೆ ಕಾಗದ ಮುಟ್ಟಿಸುವ ಅಂಚೆ ವ್ಯವಸ್ಥೆ 1840ರಲ್ಲಿ ಜಾರಿಗೆ ಬಂದಾಗ ಅದಕ್ಕಾಗಿ ದುಡಿದವರಲ್ಲಿ ಆತನೂ ಒಬ್ಬ. ಬ್ರಿಟನ್ನಿನಲ್ಲಿ 1839ರಲ್ಲಿ ಸುಮಾರು 7.6 ಕೋಟಿ ಕಾಗದಗಳು ಓಡಾಡಿದ್ದವು; ಮರುವರ್ಷ ಸುಮಾರು 16.9 ಕೋಟಿ. ಒಂದೇ ವರ್ಷದಲ್ಲಿ ಇಮ್ಮಡಿಗಿಂತ ಹೆಚ್ಚು! ಆ ಕಾಗದಗಳ ಒಂದು ರಾಶಿ ಕೋಲ್‌ನ ಮೇಜಿನ ಮೇಲೂ ಬಿತ್ತು. ಬಂದ ಪತ್ರಕ್ಕೆ ಮರುಪತ್ರ ಬರೆಯದಿರುವುದು ಆ ಕಾಲದಲ್ಲಿ ಅಸಭ್ಯತನ. 1843ರಲ್ಲಿ ಆತ ಚಿತ್ರಕಾರ ಜಾನ್ ಕ್ಯಾಲ್ಕಟ್ ಹಾರ್ಸ್ಲಿಯಿಂದ ಒಂದು ಚಿತ್ರ ಬರೆಸಿ, ಶುಭಾಶಯವನ್ನೂ ಸೇರಿಸಿ ಸುಮಾರು ಸಾವಿರ ಪ್ರತಿ ಅಚ್ಚು ಹಾಕಿಸಿದ. ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಮಾರಿದ.

ಬೆಲೆ ಒಂದು ಶಿಲಿಂಗ್, ಅಂದರೆ 12 ಪೆನ್ನಿ. ಅಂಚೆ ಖರ್ಚಿನ ಹನ್ನೆರಡರಷ್ಟು. ಸಾಲದ್ದಕ್ಕೆ ಚಿತ್ರದಲ್ಲಿ ಇಡೀ ಕುಟುಂಬ ವೈನ್ ಕುಡಿಯುತ್ತಿತ್ತು, ಪುಟ್ಟ ಮಗುವಿನ ತುಟಿಗೂ ಲೋಟ ತಾಗಿತ್ತು. ಪಾನನಿರೋಧದವರು ಕೆಂಡವಾದರು. ಕಾರ್ಡು ಕೂಡಲೇ ಮನೆಮಾತಾಗಲಿಲ್ಲ. ಅಚ್ಚಿನ ಖರ್ಚು ಇಳಿದು, 1870ರಲ್ಲಿ ಕಾರ್ಡಿನ ಅಂಚೆ ದರವೂ ಅರ್ಧ ಪೆನ್ನಿಗೆ ಬಂದ ಮೇಲೆ ಕಟ್ಟೆ ಒಡೆಯಿತು. 1880ರ ದಶಕದ ಹೊತ್ತಿಗೆ, ದಯವಿಟ್ಟು ಕಾರ್ಡುಗಳನ್ನು ಬೇಗ ಹಾಕಿ ಎಂದು ಅಂಚೆ ಇಲಾಖೆಯೇ ಜನರನ್ನು ಬೇಡಿಕೊಳ್ಳುವಂತಾಯಿತು. ಪತ್ರ ಬರೆಯುವ ಹೊರೆ ಇಳಿಸಲು ಹುಟ್ಟಿದ ಕಾರ್ಡು ಅಂಚೆಯವರ ಬೆನ್ನೇರಿತು. ಕೋಲ್‌ನ ಆ ಸಾವಿರದಲ್ಲಿ ಒಂದು ಕಾರ್ಡು 2001ರಲ್ಲಿ ಹರಾಜಿಗೆ ಬಂದಾಗ 20 ಸಾವಿರ ಪೌಂಡಿಗೆ ಕಡಿಮೆ ಹೋಗಲಿಲ್ಲ. ಹಳೆಯ ಲೆಕ್ಕದಲ್ಲಿ ಪೌಂಡಿಗೆ 20 ಶಿಲಿಂಗ್. ಒಂದು ಶಿಲಿಂಗಿನ ಕಾರ್ಡಿಗೆ ನಾಲ್ಕು ಲಕ್ಷ ಶಿಲಿಂಗ್.

ಕ್ರಿಸ್‌ಮಸ್ ಮರದ ದೀಪದ ಕಥೆಯೂ ಸಣ್ಣದರಿಂದಲೇ ಶುರು. ಮರಕ್ಕೆ ಮೇಣದ ಬತ್ತಿ ಸಿಕ್ಕಿಸಿ, ಪಕ್ಕದಲ್ಲಿ ಬಕೆಟ್ ನೀರಿಟ್ಟುಕೊಂಡು ಹಬ್ಬ ಮಾಡುತ್ತಿದ್ದ ಕಾಲ. 1882ರ ಡಿಸೆಂಬರ್ 22ರಂದು ಎಡಿಸನ್ನನ ಒಡನಾಡಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಮರಕ್ಕೆ 80 ವಿದ್ಯುತ್ ಬಲ್ಬು ಕಟ್ಟಿದ: ಅಕ್ರೋಟು ಗಾತ್ರದವು, ಕೆಂಪು, ಬಿಳಿ, ನೀಲಿ. ಮರ ಮೋಟಾರಿನ ಮೇಲೆ ತಿರುಗುತ್ತಲೂ ಇತ್ತು. 80 ಎಂದರೆ ಈಗ ನಗು ಬರಬಹುದು, ಮೂಲೆ ಅಂಗಡಿಯ ಸೀರಿಯಲ್ ಸೆಟ್ಟಿನಲ್ಲೇ ಅಷ್ಟಿರುತ್ತದೆ. ಆದರೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಎಡಿಸನ್ನನ ಪರ್ಲ್ ಸ್ಟ್ರೀಟ್ ವಿದ್ಯುದಾಗಾರ ಕೆಲಸ ಶುರು ಮಾಡಿದಾಗ ಅದು ಉರಿಸಿದ್ದು ಒಟ್ಟು ಸುಮಾರು 400 ದೀಪ. ಒಂದು ಬಡಾವಣೆಗೆ ಬೆಳಕು ಕೊಟ್ಟ ದೀಪಗಳ ಐದನೆಯ ಒಂದು ಭಾಗದಷ್ಟನ್ನು ಜಾನ್ಸನ್ ಒಂದೇ ಮರಕ್ಕೆ ನೇತುಹಾಕಿದ್ದ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ, ಆ ಮರಕ್ಕಿಂತ 23 ವರ್ಷ ತಡವಾಗಿ. ಇಂದು ನ್ಯೂಯಾರ್ಕಿನದೇ ರಾಕ್‌ಫೆಲರ್ ಸೆಂಟರಿನ ಮರಕ್ಕೆ ಸುಮಾರು 50 ಸಾವಿರ ಬಲ್ಬು.

ತಿನಿಸಿನ ದಾಖಲೆ ಜರ್ಮನಿಯದು. ಡ್ರೆಸ್ಡೆನ್ನಿನ ಸ್ಟೋಲನ್ ಎಂಬ ಒಣಹಣ್ಣಿನ ಬ್ರೆಡ್ಡನ್ನು ಅಲ್ಲಿನ ದೊರೆ ಬಲಶಾಲಿ ಆಗಸ್ಟಸ್ 1730ರಲ್ಲಿ 1.8 ಟನ್ ತೂಕದಲ್ಲಿ ಮಾಡಿಸಿದ. ಅತಿಥಿಗಳು ಸುಮಾರು 24 ಸಾವಿರ. ಭಾಗಿಸಿ ನೋಡಿದೆ, ತಲೆಗೆ 75 ಗ್ರಾಂ. ಮದುವೆ ಮನೆಯಲ್ಲಾದರೆ ಎರಡನೆಯ ಸಲ ಬಡಿಸಿ ಎನ್ನುತ್ತಿದ್ದರು. ಅದೂ ದೊರೆ ಇದನ್ನು ಮಾಡಿಸಿದ್ದು ಬೇಸಿಗೆಯ ಸೇನಾ ಮೆರವಣಿಗೆಗೆ. ಈಗ ಅದರ ನೆನಪಿಗೆ ಪ್ರತಿ ಡಿಸೆಂಬರಿನಲ್ಲಿ ದೈತ್ಯ ಸ್ಟೋಲನ್ ಹೊತ್ತು ಮೆರವಣಿಗೆ ಮಾಡುತ್ತಾರೆ.

ಗಾತ್ರದ ಹುಚ್ಚಿಗೆ ತಕ್ಕ ಶಾಸ್ತಿಯಾದದ್ದು ಸ್ವೀಡನ್ನಿನಲ್ಲಿ. ಸಾಂತಾಕ್ಲಾಸ್ ಬರುವ ಮುನ್ನ ಅಲ್ಲಿ ಉಡುಗೊರೆ ತರುತ್ತಿದ್ದುದು ಹೋತ ಎಂಬ ನಂಬಿಕೆ. ಯೆವ್ಲೆ ಪಟ್ಟಣದವರು 1966ರಲ್ಲಿ ಚೌಕದಲ್ಲಿ 13 ಮೀಟರ್ ಎತ್ತರದ ಹುಲ್ಲಿನ ಹೋತ ನಿಲ್ಲಿಸಿದರು. ಹೊಸ ವರ್ಷದ ರಾತ್ರಿ ಯಾರೋ ಬೆಂಕಿ ಇಟ್ಟರು. ಅಂದಿನಿಂದ ಕಟ್ಟುವುದೂ ಸಂಪ್ರದಾಯ, ಸುಡುವುದೂ ಸಂಪ್ರದಾಯವಾಗಿ, ಹೋತ ಮೂವತ್ತಕ್ಕೂ ಹೆಚ್ಚು ಸಲ ಹಾಳಾಗಿದೆ. 2001ರಲ್ಲಿ ಸಿಕ್ಕಿಬಿದ್ದ ಅಮೆರಿಕದ ಪ್ರವಾಸಿಯೊಬ್ಬ, ಸುಡುವುದು ಕಾನೂನಿಗೆ ಒಪ್ಪಿತವೆಂದೇ ನಂಬಿದ್ದೆ ಎಂದ. 18 ದಿನ ಜೈಲಿನಲ್ಲಿದ್ದ. 2016ರಲ್ಲಿ ಹೋತದ ಐವತ್ತನೆಯ ವರ್ಷ. ಉದ್ಘಾಟನೆಯಾದ ದಿನವೇ ಸುಟ್ಟುಹೋಯಿತು. ಬೇಲಿ, ಕ್ಯಾಮೆರಾ, ಕಾವಲು ಎಲ್ಲವನ್ನೂ ಬಿಗಿಮಾಡಿಕೊಂಡಿದ್ದ 2023ರಲ್ಲಿ ಬೆಂಕಿ ಬೀಳಲಿಲ್ಲ. ಆದರೆ ಆ ವರ್ಷ ಮಳೆ ಜಾಸ್ತಿಯಾಗಿ ಹುಲ್ಲಿನಲ್ಲಿ ಕಾಳು ಹೆಚ್ಚು ಉಳಿದಿತ್ತು. ಕಾಗೆ ಜಾತಿಯ ಜಾಕ್‌ಡಾ ಹಕ್ಕಿಗಳು ಹಿಂಡುಹಿಂಡಾಗಿ ಇಳಿದು ಹೋತವನ್ನು ಕುಕ್ಕಿ ಕುಕ್ಕಿ ತಿಂದವು.