ಕಬ್ಬಿನ ಗೊಣ್ಣೆ ಹುಳು: ತಾರೀಖು ಬೇಡ, ಮೊದಲ ಮಳೆ ನೋಡಿ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದಲ್ಲಿ ಕಬ್ಬು ಮುಖ್ಯ ಬೆಳೆ. ಇದರ ಬೇರು ತಿನ್ನುವ ಗೊಣ್ಣೆ ಹುಳುವಿನ ಹತೋಟಿಯಲ್ಲಿ ಔಷಧಿಗಿಂತ ವೇಳೆಯೇ ಮುಖ್ಯ.

ಸಸ್ಯಗಳೂ ಕೀಟಗಳೂ ಋತುವನ್ನು ಹಗಲಿನ ಉದ್ದ, ಉಷ್ಣತೆ ಮತ್ತು ತೇವಾಂಶಗಳಿಂದ ಗುರುತಿಸುತ್ತವೆ. ಬಲಿತ ಕಬ್ಬಿಗೆ ಸೂಲಂಗಿ ಬರಲು ಪ್ರೇರಣೆ ದೊರೆಯುವುದು ಹಗಲು ಸುಮಾರು ಹನ್ನೆರಡೂವರೆ ಗಂಟೆಗೆ ಇಳಿದಾಗ. ಹಗಲಿನ ಉದ್ದ ವರ್ಷದಿಂದ ವರ್ಷಕ್ಕೆ ಬದಲಾಗದು. ಆದರೆ ಗೊಣ್ಣೆ ಹುಳುವಿನ ದುಂಬಿ ಕಾಯುವುದು ಮಳೆಗಾಗಿ. ಮಳೆ ಮಾತ್ರ ಪ್ರತಿವರ್ಷ ಒಂದೇ ದಿನ ಬರುವುದಿಲ್ಲ.

ನೈರುತ್ಯ ಮುಂಗಾರು ಕೇರಳವನ್ನು ಮುಟ್ಟುವ ವಾಡಿಕೆಯ ದಿನ ಜೂನ್ 1. ಅದು 2023ರಲ್ಲಿ ಜೂನ್ 8ರಂದು, 2025ರಲ್ಲಿ ಮೇ 24ರಂದು ತಲುಪಿತು. ಅಂತರ ಹದಿನೈದು ದಿನ. ಮುಂಗಾರು ಪೂರ್ವದ ಅಡ್ಡಮಳೆಗಳು ಇನ್ನೂ ಅನಿಶ್ಚಿತ. ರೋಹಿಣಿ ಮಳೆಗೆಂದು ಕಾದು ಕುಳಿತರೆ, ಕೃತ್ತಿಕೆಯಲ್ಲೇ ಭೂಮಿ ನೆನೆದ ವರ್ಷ ದುಂಬಿಗಳು ಆಗಲೇ ಮೊಟ್ಟೆಯಿಟ್ಟಿರುತ್ತವೆ.

ಭೂಮಿಯಲ್ಲಿ ಅಡಗಿರುವ ದುಂಬಿಗಳು ಮೊದಲ ಹದ ಮಳೆಯ ನಂತರ ಮುಸ್ಸಂಜೆಯಲ್ಲಿ ಹೊರಬಂದು ಬೇವು, ಜಾಲಿ, ಬಾರಿ ಗಿಡಗಳ ಎಲೆ ತಿನ್ನುತ್ತವೆ. ಅಲ್ಲಿಯೇ ಕೂಡಿ, ಬೆಳಗಾಗುವುದರೊಳಗೆ ಮಣ್ಣಿಗೆ ಮರಳುತ್ತವೆ. ಹೆಣ್ಣು ದುಂಬಿ ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ. ಸುಮಾರು ಹತ್ತು-ಹನ್ನೆರಡು ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಬೆಳೆದ ಹುಳುಗಳು ಬೇರು ತಿಂದಾಗ ಎಲೆ ಹಳದಿಯಾಗಿ ಒಣಗುತ್ತದೆ. ಜಗ್ಗಿದರೆ ಕಬ್ಬಿನ ಗುಂಪು ಸುಲಭವಾಗಿ ಕಿತ್ತು ಬರುತ್ತದೆ. ಆ ಹಂತದಲ್ಲಿ ಹತೋಟಿ ಕಷ್ಟ. ವರ್ಷಕ್ಕೆ ಒಂದೇ ಸಂತತಿಯಾದ್ದರಿಂದ ದುಂಬಿಗಳನ್ನು ಹಿಡಿದರೆ ಇಡೀ ವರ್ಷದ ಬಾಧೆ ತಗ್ಗುತ್ತದೆ.

ರೈತ ಬಾಂಧವರು ಅನುಸರಿಸಬೇಕಾದ ಕ್ರಮಗಳು:

1. ಏಪ್ರಿಲ್ ಮಧ್ಯದಿಂದಲೇ ಮಳೆಯ ದಿನಗಳನ್ನು ಬರೆದಿಡಿ. ಹದ ಮಳೆಯಾದ ಸಂಜೆಯಿಂದಲೇ ಬೇವು, ಜಾಲಿ ಗಿಡಗಳನ್ನು ಪರೀಕ್ಷಿಸಿ.

2. ದುಂಬಿಗಳು ಕಂಡ ರಾತ್ರಿಯೇ ಟೊಂಗೆಗಳನ್ನು ಅಲುಗಾಡಿಸಿ, ಬಿದ್ದವುಗಳನ್ನು ಆರಿಸಿ ಸೀಮೆಎಣ್ಣೆ ಬೆರೆಸಿದ ನೀರಿನಲ್ಲಿ ಹಾಕಿ ಕೊಲ್ಲಿ. ಬೆಳಕಿನ ಬಲೆಯನ್ನೂ ಬಳಸಬಹುದು.

3. ಮಳೆ ಬಿಟ್ಟು ಬಿಟ್ಟು ಬಂದರೆ ದುಂಬಿಗಳೂ ಹಲವು ಸಲ ಏಳಬಹುದು. ಪ್ರತಿ ಮಳೆಯ ನಂತರ ಮತ್ತೆ ನೋಡಿ.

4. ಹಿಂದಿನ ವರ್ಷ ಬಾಧೆಯಿದ್ದ ಹೊಲದಲ್ಲಿ ಮೆಟರೈಜಿಯಂ ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ, ಮಣ್ಣಿನಲ್ಲಿ ತೇವಾಂಶವಿದ್ದಾಗ ಬೇರಿನ ಬಳಿ ಕೊಡಿ. ಹುಳು ಚಿಕ್ಕದಿದ್ದಾಗ ಇದು ಹೆಚ್ಚು ಪರಿಣಾಮಕಾರಿ.

5. ಬಾಧೆ ತೀವ್ರವಾಗಿದ್ದ ಹೊಲದಲ್ಲಿ ಕುಳೆ ಬಿಡದೆ ಆಳವಾಗಿ ಉಳುಮೆ ಮಾಡಿ. ಮೇಲೆ ಬಂದ ಹುಳುಗಳನ್ನು ಹಕ್ಕಿಗಳು ತಿನ್ನುತ್ತವೆ.

ದುಂಬಿಗೆ ಹೊಲದ ಬದುವಿನ ಗಡಿ ತಿಳಿಯದು. ಒಬ್ಬರು ಹಿಡಿದು, ಪಕ್ಕದವರು ಬಿಟ್ಟರೆ ಪ್ರಯೋಜನ ಅಲ್ಪ. ಆದ್ದರಿಂದ ಊರಿನವರೆಲ್ಲ ಕೂಡಿ ಒಂದೇ ವೇಳೆಗೆ ಈ ಕಾರ್ಯ ಕೈಗೊಳ್ಳುವುದು ಅವಶ್ಯ.